ಎಕ್ಕೆ ಹೂವಿನ ಐದು ಮೂಲೆ

ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದ ಎರಡು ಮೂರು ವರ್ಷಕ್ಕೆ ಚಿಮ್ಮಡದ ಶಾಲೆಗೆ ಕುಮುದಿನಿ ಎಂಬ ಶಿಕ್ಷಕಿ ಬಂದಳು. ಜಮಖಂಡಿಯ ವಕೀಲರೊಬ್ಬರ ಮಗಳು. ಆಕೆಗೆ ಒಪ್ಪಿಸಿದ್ದು ತೀರ ಚಿಕ್ಕ ಮಕ್ಕಳನ್ನು. ಅವರಲ್ಲಿ ಅರ್ಧ ಮಂದಿಗೆ ಬರೆಯಲು ಪಾಟಿಯೇ ಇರಲಿಲ್ಲ. ಆಕೆ ಅವರನ್ನು ಹಳ್ಳದ ದಂಡೆಗೆ ಕರೆದೊಯ್ದು, ಸಿಕ್ಕಿದ್ದನ್ನೆಲ್ಲ ತರಿಸಿ, ಬೇವಿನ ಮರದ ನೆರಳಿನಲ್ಲಿ ಹರಡಿಸುತ್ತಿದ್ದಳು. ದುಂಡನೆಯ ಹರಳು ಒಂದು ಕಡೆ, ಚಪ್ಪಟೆಯವು ಇನ್ನೊಂದು ಕಡೆ. ಉದುರಿದ ಎಕ್ಕೆ ಹೂವಿನ ಐದು ಮೂಲೆಗಳನ್ನು ಮಕ್ಕಳು ಬೆರಳಿಟ್ಟು ಎಣಿಸಿದರು. ಆಮೇಲೆ ಸಾಲು ಹಚ್ಚುವ ಆಟ: ಒಂದು ಹುಣಸೆ ಬೀಜ, ಎರಡು ಗುಲಗಂಜಿ, ಮತ್ತೆ ಒಂದು ಹುಣಸೆ ಬೀಜ. ಮುಂದೆ ಯಾವುದು ಬರಬೇಕೆಂದು ಪಕ್ಕದವರು ಹೇಳಬೇಕು.

ಒಂದು ದಿನ ಸಿದರಾಯನೆಂಬ ಹುಡುಗ ಉಳಿದ ಗುಲಗಂಜಿಯನ್ನು ಮೂಗಿಗೆ ಏರಿಸಿಕೊಂಡ. ಕುಮುದಿನಿ ತೆಗೆಯಲು ಹೋದಷ್ಟೂ ಅದು ಒಳಗೆ ಸರಿಯಿತು. ಹೆಡ್ ಮಾಸ್ತರು ದತ್ತಾತ್ರೇಯರು ತಮ್ಮ ನಶ್ಯದ ಡಬ್ಬಿ ತೆರೆದು ಅವನ ಇನ್ನೊಂದು ಹೊಳ್ಳೆಗೆ ಒಂದು ಚಿಟಿಕೆ ಹಿಡಿದರು. ಸೀನಿ ಸೀನಿ ಕಾಳು ಹೊರಬಿತ್ತು, ಜೊತೆಗೆ ತುಸು ರಕ್ತ.

ಅಷ್ಟರಲ್ಲಿ ಸುದ್ದಿ ತಿಳಿದು ಅವನ ತಾಯಿ ಪದ್ಮವ್ವ ಬಂದಿದ್ದಳು. ಕುರಿ ಸಾಕುವ ಮನೆತನದವಳು. ಕೂಗಾಡಲಿಲ್ಲ.

"ಗುಲಗಂಜಿ ವಿಷ ಐತಿ ಅಂತ ನಿಮಗ ಯಾರೂ ಹೇಳಿಲ್ಲೇನ್ರಿ ಅಕ್ಕೋರ? ಅಗದು ನುಂಗಿದ್ರ ಏನ ಮಾಡತಿದ್ರಿ?"

ಪದ್ಮವ್ವ ಮಗನನ್ನು ಟೊಂಕದ ಮೇಲೆ ಕೂಡಿಸಿಕೊಂಡು ಹೋದಳು. ಮರುದಿನ ಅವನು ಬರಲಿಲ್ಲ, ಆ ವಾರವೆಲ್ಲ ಬರಲಿಲ್ಲ.

"ಈ ಕಸಾಕಡ್ಡಿ ಆಟ ಸಾಕ್ರಿ ಕುಮುದಿನಿಬಾಯಿ. ಅಂಕಲಿಪಿ ಕಲಸ್ರಿ" ಎಂದರು ಹೆಡ್ ಮಾಸ್ತರು.

ಕುಮುದಿನಿ ಆಟ ಬಿಡಲಿಲ್ಲ. ಸಂಜೆ ಪದ್ಮವ್ವನ ಮನೆಗೆ ಹೋದಳು. ಆಕೆ ಅಂಗಳದಲ್ಲಿ ಉಣ್ಣೆ ಹಿಂಜುತ್ತಿದ್ದಳು.

"ತಪ್ಪು ನಂದ. ಗುಲಗಂಜಿ ಎಲ್ಲಾ ಒಲಿಗೆ ಹಾಕೇನಿ. ಸಣ್ಣ ಕಾಳು ಇನ್ನ ಇಡೂದಿಲ್ಲ. ನಂಬಿಕಿ ಬರಲಿಲ್ಲಂದ್ರ ನೀವೂ ಬಂದು ಕೂಡ್ರಿ" ಎಂದಳು ಕುಮುದಿನಿ.

ಪದ್ಮವ್ವ ಹಿಂಜಿದ ಉಣ್ಣೆಯನ್ನು ಬುಟ್ಟಿಗೆ ತುಂಬಿದಳು. "ಬರತೇನಿ. ಹುಡುಗನ್ನ ಕಾಯಾಕ ಬರತೇನಿ, ಕಲ್ಯಾಕಲ್ಲ."

ಬಂದಳು. ಮೊದಮೊದಲು ದೂರ ಕುಳಿತು ನೂಲು ತೆಗೆಯುತ್ತಿದ್ದಳು. ಕ್ರಮೇಣ ಹತ್ತಿರ ಸರಿದಳು. "ಅಲ್ಲಿ ಎಲಿ ಬರಬೇಕಿತ್ತಲ್ಲಲೇ" ಎಂದು ಮಗ ಹಚ್ಚಿದ ಸಾಲು ನೋಡಿ ಹೇಳಿದ ದಿನ ಮಕ್ಕಳೆಲ್ಲ ತಿರುಗಿ ನೋಡಿದರು. ಆಕೆ ನೂಲಿನ ಕಡೆ ಮುಖ ಮಾಡಿದಳು.

ಬೇಸಿಗೆಯ ಬಿಸಿಲು ಏರಿ ಮುಂಜಾನೆಯ ಶಾಲೆ ಶುರುವಾದ ಮೇಲೆ ಒಂದು ದಿನ ಪದ್ಮವ್ವ ಒಬ್ಬಳೇ ಬಂದಳು.

"ಸಿದರಾಯ ಎಲ್ಲಿ?" ಎಂದು ಕುಮುದಿನಿ ಕೇಳಿದಳು.

"ಅಜ್ಜನ ಜೋಡಿ ಕುರಿ ಹಿಂದ ಹೋಗ್ಯಾನ್ರಿ. ನಾಳಿ ಬರತಾನ."

ಪದ್ಮವ್ವ ಮಕ್ಕಳ ಸಾಲಿನ ಕೊನೆಗೆ ಕುಳಿತು ಉಡಿ ಬಿಚ್ಚಿದಳು. ಮಣಿ ಪೋಣಿಸಿದಂತಿದ್ದ ಜಾಲಿಕಾಯಿಗಳು ನೆಲಕ್ಕೆ ಬಿದ್ದವು.

"ಇವನ್ನ ಎಲ್ಲಿ ಹಚ್ಚೂದು, ಹೇಳ್ರಿ ಅಕ್ಕೋರ."

ಕುಮುದಿನಿ ಇಬ್ಬರು ಹುಡುಗರನ್ನು ಪಕ್ಕಕ್ಕೆ ಸರಿಸಿ ಆಕೆಗೆ ಜಾಗ ಮಾಡಿದಳು.