ಎರಡು ಫೋನಿನಲ್ಲಿ ಒಬ್ಬಳೇ ಮಗಳು

“ನಿನ್ನ ಹೆಂಡತಿಗೆ ಟೋಪಿ ಹಾಕೋದಕ್ಕೆ ಕಳ್ಳನೇ ಬರಬೇಕು ಅಂತಿಲ್ಲ ಕಣಯ್ಯ. ಚೆನ್ನಾಗಿ ಅಳೋಕೆ ಬರೋ ಯಾರಾದ್ರೂ ಸಾಕು,” ಎಂದರು ಕಂಡಕ್ಟರ್. ಮುಖದ ತುಂಬ ನೊರೆ ಮೆತ್ತಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದರು. ಬಸ್ಸಿನ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಬೀದಿಯವರ ಬಾಯಲ್ಲಿ ಅವರಿನ್ನೂ ಕಂಡಕ್ಟರೇ.

“ನಂಗೆ ಕೇಳಿಸ್ತಿದೆ ಅಣ್ಣ,” ಎಂದಿತು ಪರದೆಯ ಆಚೆಯಿಂದ ಒಂದು ದನಿ.

“ಕೇಳಿಸಲಿ ಅಂತಾನೇ ಹೇಳಿದ್ದು ತಂಗಿ. ಆ ಪೊರಕೆಯವನ ಹತ್ರ ರಾಶಿ ಪೊರಕೆ ತಗೊಂಡ್ಯಂತಲ್ಲ.”

“ಪಾಪ, ಅವನ ತಾಯಿಗೆ ಹುಷಾರಿರಲಿಲ್ಲ.”

“ಅವನ ತಾಯಿ ನಮ್ಮ ಮನೆ ಮುಂದೆ ಹಾಸಿಗೆ ಹಿಡಿದಿದ್ಲು. ಹಿಂದಿನ ಬೀದಿಗೆ ಹೋಗೋ ಹೊತ್ತಿಗೆ ತೀರ್ಕೊಂಡಿದ್ಲು.”

ಗಿಳಿಯಣ್ಣನಿಗೆ ನಗು ತಡೆಯಲಾಗಲಿಲ್ಲ. ಕತ್ತಿಯನ್ನು ಗಿರಾಕಿಯ ಗಂಟಲಿನಿಂದ ದೂರ ಹಿಡಿದು, ನಕ್ಕು ಮುಗಿಸಿ, ಮತ್ತೆ ಕೆಲಸಕ್ಕೆ ಬಗ್ಗಿದ.

ಒಂದೇ ಕೋಣೆಯ ಅಂಗಡಿ ಅದು. ನಡುವೆ ಬಟ್ಟೆಯ ಪರದೆ. ಮುಂದೆ ಕನ್ನಡಿ, ಕುರ್ಚಿ, ಕತ್ತರಿ, ಬಾಚಣಿಗೆಗಳ ಜೊತೆ ಗಿಳಿಯಣ್ಣ. ಹಿಂದೆ ಬೀದಿಯವರೆಲ್ಲರ ಅಂಗಿ, ಸೀರೆಗಳ ಗುಡ್ಡದ ನಡುವೆ ಇಸ್ತ್ರಿಪೆಟ್ಟಿಗೆ ಹಿಡಿದ ಅವನ ಹೆಂಡತಿ. ಮುಂದಿನ ಸೋಪಿನ ವಾಸನೆಯೂ ಹಿಂದಿನ ಬಿಸಿ ಬಟ್ಟೆಯ ವಾಸನೆಯೂ ಪರದೆಯ ಹತ್ತಿರ ಬಂದು ಒಂದಾಗುತ್ತಿದ್ದವು. ಈ ಕೋಣೆಯನ್ನು ಮಾಲೀಕರು ಮಾರಾಟಕ್ಕಿಟ್ಟಿದ್ದರು. ಸೋಮವಾರದೊಳಗೆ ಮುಂಗಡ ಕಟ್ಟಿದರೆ ಇವರಿಗೆ, ಇಲ್ಲದಿದ್ದರೆ ಪಕ್ಕದ ಮೊಬೈಲ್ ಅಂಗಡಿಯವನಿಗೆ. ಮುಂಗಡದ ಹಣ ಬ್ಯಾಂಕಿನಲ್ಲಿತ್ತು. ಇಬ್ಬರೂ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ್ದು. ಅದನ್ನು ಬಿಟ್ಟರೆ ಕೈಯಲ್ಲಿ ಇನ್ನೇನೂ ಇರಲಿಲ್ಲ.

ಗಿಳಿಯಣ್ಣ ಎಂಬುದು ಬೀದಿ ಇಟ್ಟ ಹೆಸರು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅದು ಅವನ ಗಂಟಲಿಗೆ ಬಂದು ಕೂತುಬಿಡುತ್ತಿತ್ತು. ಕ್ಷೌರಕ್ಕಿಂತ ಅವನ ಅಣಕು ಕೇಳಲಿಕ್ಕೇ ಬರುವವರಿದ್ದರು. ಆದರೆ ಈ ವಿದ್ಯೆಯ ಮೊದಲ ಬಲಿ ಹೆಂಡತಿ. ಮದುವೆಯಾದ ಹೊಸದರಲ್ಲಿ ಅವಳ ತಮ್ಮನ ದನಿಯಲ್ಲಿ ಫೋನ್ ಮಾಡಿ, “ಅಕ್ಕಾ, ನಾವೆಲ್ಲ ಊಟಕ್ಕೆ ಬರ್ತಿದೀವಿ,” ಅಂದಿದ್ದ. ಅವಳು ದೊಡ್ಡ ಪಾತ್ರೆ ತುಂಬ ಅಡುಗೆ ಮಾಡಿ ಬಾಗಿಲಲ್ಲಿ ಕಾದಿದ್ದಳು. ಆಮೇಲೆ ಅತ್ತೆಯಾಗಿ, ಗ್ಯಾಸಿನವನಾಗಿ, ಮಗಳ ಶಾಲೆಯ ಟೀಚರಮ್ಮನಾಗಿ ಫೋನ್ ಮಾಡಿದ. ಅವಳು ಪ್ರತಿ ಸಲವೂ ನಂಬಿದಳು. ಒಂದು ದಿನ ಸಾಕಾಯಿತು. ಅಂದಿನಿಂದ ಯಾರೇ ಫೋನ್ ಮಾಡಿ ಏನೇ ಕೇಳಲಿ, ಅವಳದು ಒಂದೇ ಮಾತು: “ಇಡಿ, ನಾನೇ ಮಾಡ್ತೀನಿ.” ಇಟ್ಟು, ತನಗೆ ಗೊತ್ತಿರುವ ನಂಬರಿಗೆ ತಾನೇ ಮಾಡುವಳು. ಬ್ಯಾಂಕಿನವರೆಂದರೂ ಅಷ್ಟೇ, ಒಡಹುಟ್ಟಿದವರೆಂದರೂ ಅಷ್ಟೇ. ತಮ್ಮನಂತೂ ಮುನಿಸಿಕೊಂಡು ಒಂದು ವರ್ಷ ಮನೆ ಕಡೆ ತಲೆ ಹಾಕಿರಲಿಲ್ಲ. ಗಿಳಿಯಣ್ಣನಿಗೆ ಇದೊಂದು ತಮಾಷೆ. “ನಮ್ಮನೆ ಟೆಲಿಫೋನ್ ಇಲಾಖೆ,” ಎಂದು ಗಿರಾಕಿಗಳ ಮುಂದೆ ಅವಳನ್ನು ಆಡಿಕೊಳ್ಳುತ್ತಿದ್ದ.

ಕಂಡಕ್ಟರ ಒಂದು ಕೆನ್ನೆ ಮುಗಿದು ಇನ್ನೊಂದಕ್ಕೆ ಕತ್ತಿ ಹೊರಳುವಾಗ ಕನ್ನಡಿಯ ಕೆಳಗಿದ್ದ ಅವನ ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

“ಅಪ್ಪಾ,” ಎಂದಿತು ಫೋನು. ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದ ಮಗಳು. ಬಿಕ್ಕುತ್ತಿದ್ದಳು. “ಅಪ್ಪಾ, ಫ್ರೆಂಡ್ ಗಾಡಿ ಓಡಿಸ್ತಿದ್ದೆ. ಒಬ್ಬರಿಗೆ ಗುದ್ದಿಬಿಟ್ಟೆ. ಸ್ಟೇಷನ್ನಲ್ಲಿ ಕೂರಿಸಿದಾರೆ. ನನ್ನ ಫೋನ್ ಕಿತ್ಕೊಂಡಿದಾರಪ್ಪಾ. ಅಮ್ಮಂಗೆ ಹೇಳ್ಬೇಡ.”

ಗಿಳಿಯಣ್ಣನ ಜೀವ ಬಾಯಿಗೆ ಬಂತು. ಕತ್ತಿ ಎಲ್ಲಿಟ್ಟನೋ ಅವನಿಗೇ ತಿಳಿಯದು. ನಡುವೆ ಒಬ್ಬ ಗಂಡಸಿನ ಗಡಸು ದನಿ ಬಂತು. ಪೆಟ್ಟಾದವರ ಕಡೆಯವರು ಒಪ್ಪಿದ್ದಾರೆ, ಈಗಲೇ ಹಣ ಹಾಕಿದರೆ ಕೇಸು ಬರೆಯುವುದಿಲ್ಲ, ಬರೆದರೆ ಹುಡುಗಿಯ ಓದು ಅಲ್ಲಿಗೇ ಮುಗಿಯಿತು, ಲೈನ್ ಕಟ್ ಮಾಡಬೇಡಿ. ಅವನು ಹೇಳಿದ ಮೊತ್ತ ಹೆಚ್ಚೂಕಡಿಮೆ ಸೋಮವಾರದ ಮುಂಗಡದಷ್ಟೇ ಇತ್ತು.

“ಹಾಕ್ತೀನಿ ಸಾರ್, ಅವಳ ಮೈ ಮುಟ್ಟಬೇಡಿ,” ಎಂದ ಗಿಳಿಯಣ್ಣ.

ಪರದೆ ಸರಿದು ಹೆಂಡತಿ ಬಂದಳು. ಅವನ ಮುಖ ನೋಡಿದ್ದೇ ಫೋನ್ ಕಿತ್ತುಕೊಂಡು ಕಿವಿಗಿಟ್ಟು, “ಯಾರು?” ಎಂದಳು. ಆ ಕಡೆಯಿಂದ ಮತ್ತೆ ಅಳು: “ಅಮ್ಮಾ...”

ಅವಳ ಕಣ್ಣಲ್ಲಿ ನೀರು ದಳದಳ ಇಳಿಯಿತು. ಪೊರಕೆಯವನಿಗಾಗಿ ಕರಗಿದವಳು ಹೆತ್ತ ಮಗಳಿಗೆ ಕರಗದಿರುತ್ತಾಳೆಯೇ. ಆಮೇಲೆ ಮೆಲ್ಲಗೆ, ಮಗುವನ್ನು ತಟ್ಟಿ ಮಲಗಿಸುವ ದನಿಯಲ್ಲಿ ಹೇಳಿದಳು: “ಇಡು ಪುಟ್ಟಿ. ನಾನೇ ಮಾಡ್ತೀನಿ.”

“ಅಮ್ಮಾ ಇಡ್ಬೇಡಮ್ಮಾ, ನನ್ನ ಬಿಟ್ಬಿಡ್ಬೇಡ...”

ಅವಳು ಇಟ್ಟಳು.

ಕಂಡಕ್ಟರು ಅರ್ಧ ನೊರೆಯ ಮುಖದಲ್ಲೇ ಎದ್ದು ನಿಂತಿದ್ದರು. ಗಿಳಿಯಣ್ಣ ಮೊದಲ ಸಲ ಹೆಂಡತಿಯ ಮೇಲೆ ಕೈ ಎತ್ತುವಷ್ಟು ಸಿಟ್ಟಾದ. “ನೀನು ತಾಯಿನಾ? ಆ ಮಗು ಅಲ್ಲಿ ಸಾಯ್ತಿದೆ. ಕೊಡು ಫೋನು.”

“ಕೊಡಲ್ಲ. ಅವಳ ನಂಬರ್‌ಗೆ ಮಾಡೋವರೆಗೂ ಕೊಡಲ್ಲ.”

“ಅವಳ ಫೋನ್ ಪೊಲೀಸಿನವರ ಹತ್ರ ಇದೆ ಕಣೆ. ಇಡೀ ಜೀವನ ಬೇರೆಯವರ ದನಿ ನಕಲು ಮಾಡ್ಕೊಂಡು ಬಂದವನು ನಾನು. ಅಸಲು ಯಾವುದು ನಕಲು ಯಾವುದು ಅಂತ ನಂಗೆ ಗೊತ್ತಾಗಲ್ವಾ? ಅದು ಅವಳೇ.”

“ಅವಳೇ ಇರಬಹುದು,” ಎಂದಳು. ಅವನ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತನ್ನದನ್ನು ಹಿಡಿದು ಮಗಳ ನಂಬರು ಒತ್ತಿದಳು. ಬೆರಳು ಬೇರೆ ಯಾರದೋ ಹೆಸರಿನ ಮೇಲೆ ಬಿತ್ತು. ಕಟ್ ಮಾಡಿ ಮತ್ತೆ ಒತ್ತಿದಳು. ರಿಂಗಾಯಿತು. ಯಾರೂ ಎತ್ತಲಿಲ್ಲ.

“ನೋಡಿದ್ಯಾ?” ಎಂದ ಗಿಳಿಯಣ್ಣ.

ಅವಳು ಸ್ಪೀಕರ್ ಹಾಕಿ ಮತ್ತೆ ಮಾಡಿದಳು. ಅಷ್ಟರಲ್ಲಿ ಸೊಂಟದಲ್ಲಿದ್ದ ಫೋನೂ ಬಡಿದುಕೊಳ್ಳತೊಡಗಿತು, ಅದೇ ನಂಬರು. ಒಂದು ಫೋನಿನಲ್ಲಿ ಮಗಳು ಕರೆಯುತ್ತಿದ್ದಾಳೆ, ಇನ್ನೊಂದರಲ್ಲಿ ಓಗೊಡುತ್ತಿಲ್ಲ. ಗಿಳಿಯಣ್ಣ ಹೆಂಡತಿಯ ಸೊಂಟದಿಂದ ಫೋನ್ ಎಳೆದುಕೊಂಡು, ಸಿಕ್ಕಲ್ಲೆಲ್ಲ ಒತ್ತಿದ. ಅದರ ಸ್ಪೀಕರೂ ಆನ್ ಆಯಿತು.

“ಅಪ್ಪಾ, ಯಾಕಪ್ಪಾ ಇಟ್ಟೆ,” ಎಂದು ಅಳು ಕೋಣೆಯ ತುಂಬ ಹರಡಿತು.

ಅದೇ ಕ್ಷಣಕ್ಕೆ ಹೆಂಡತಿಯ ಫೋನಿನಿಂದ, ಬಾಯಿ ತುಂಬ ಏನನ್ನೋ ಅಗಿಯುತ್ತಿರುವ ಮಗಳ ದನಿ ಬಂತು: “ಏನಮ್ಮಾ? ಊಟಕ್ಕೆ ಕೂತಿದ್ದೆ, ಫೋನ್ ಬ್ಯಾಗಲ್ಲಿತ್ತು. ಯಾಕೆ ಇಷ್ಟು ಸಲ ಮಾಡ್ತಿದೀಯ?”

ಗಿಳಿಯಣ್ಣನ ಕೈಯಲ್ಲಿ ಮಗಳು ಅಳುತ್ತಿದ್ದಳು, ಹೆಂಡತಿಯ ಕೈಯಲ್ಲಿ ಮಗಳು ಉಣ್ಣುತ್ತಿದ್ದಳು. ಎರಡೂ ಅವಳೇ. ಮಾತಿನ ಕೊನೆಯಲ್ಲಿ ದನಿ ಸ್ವಲ್ಪ ಮೇಲಕ್ಕೆ ಎತ್ತುವುದು, “ಅಪ್ಪಾ” ಎನ್ನುವಾಗ ಮೂಗಿನಲ್ಲಿ ತುಸು ಎಳೆಯುವುದು, ಎಲ್ಲ ಅವಳದೇ. ಅವನ ಕಿವಿಗೆ ಎರಡರ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸ ಸಿಗಲಿಲ್ಲ.

ಉಣ್ಣುತ್ತಿದ್ದ ಮಗಳು ತನ್ನದೇ ಅಳುವನ್ನು ಕೇಳಿಸಿಕೊಂಡಳು. ಅಗಿಯುವುದು ನಿಂತಿತು. ಆಮೇಲೆ ಮೆಲ್ಲಗೆ, “ಅಪ್ಪಾ, ಅದು ನೀನಾ?” ಎಂದು ಕೇಳಿದಳು.

“ನಾನಲ್ಲ ಮಗಳೇ,” ಎಂದ ಗಿಳಿಯಣ್ಣ. “ನಾನಲ್ಲ.”

ಅಳುತ್ತಿದ್ದ ಫೋನು ತಟಕ್ಕನೆ ಸತ್ತುಹೋಯಿತು.

ಕಂಡಕ್ಟರು ಟವೆಲಿನಿಂದ ಮುಖ ಒರೆಸಿಕೊಂಡರು. “ಎಲ್ಲಿಂದ ಸಿಕ್ಕಿತಯ್ಯ ಅವರಿಗೆ ಇವಳ ದನಿ?”

ಗಿಳಿಯಣ್ಣನಿಗೆ ಗೊತ್ತಿತ್ತು, ಹೇಳಿದ. ರಜೆಗೆ ಬಂದಿದ್ದಾಗ ಅಪ್ಪ ಮಗಳು ಸೇರಿ ಒಂದು ವಿಡಿಯೋ ಮಾಡಿದ್ದರು. ಅವಳು ಒಂದು ಮಾತು ಹೇಳುವುದು, ಇವನು ಅದನ್ನೇ ಅವಳ ದನಿಯಲ್ಲಿ ಹೇಳುವುದು. ‘ಮಗಳ್ಯಾರು, ಅಪ್ಪ ಯಾರು, ಹೇಳಿ ನೋಡೋಣ’ ಎಂದು ಬರೆದು, ಅಂಗಡಿಯ ಫೋನ್ ನಂಬರಿನ ಸಮೇತ ಇಂಟರ್ನೆಟ್ಟಿಗೆ ಹಾಕಿದ್ದ. ಬೀದಿಯೆಲ್ಲ ನೋಡಿತ್ತು. ಬೀದಿಯಾಚೆಯ ಯಾವನೋ ನೋಡಿ, ದನಿಯನ್ನು ಎತ್ತಿಕೊಂಡು ಹೋಗಿದ್ದ. ಆದರೆ ಅದರಲ್ಲಿ ಅವಳು ನಗುನಗುತ್ತ ಮಾತಾಡಿದ್ದಳಷ್ಟೇ. ಆ ಅಳುವನ್ನು ಯಾವುದೋ ಯಂತ್ರ ಅವಳ ನಗುವಿನಿಂದಲೇ ನೇಯ್ದು ಕೊಟ್ಟಿತ್ತು. ಹದಿನೆಂಟು ವರ್ಷ ಸಾಕಿದ ಅಪ್ಪನಿಗೂ ಬಾರದ ವಿದ್ಯೆ. ಬೆಟ್ಟದ ತುದಿಯಲ್ಲಿ ನಿಂತು ಕೆಳಗೆ ನೋಡಿದಾಗ ಕಾಲು ಜುಮ್ಮೆನ್ನುತ್ತದಲ್ಲ, ಹಾಗೆ ಆಯಿತು ಅವನಿಗೆ.

“ಮೊದಲು ಆ ವಿಡಿಯೋ ತೆಗಿ,” ಎಂದರು ಕಂಡಕ್ಟರು. “ನಂಬರ್ ಬರೆದಿಟ್ಕೊ, ಪೊಲೀಸ್ರಿಗೆ ಕೊಡೋಣ. ನಾಳೆ ಇನ್ಯಾರ ಮನೆ ಮಗಳು ಅಳ್ತಾಳೋ.” ಬಾಗಿಲವರೆಗೆ ಹೋದವರು ತಿರುಗಿ ಪರದೆಯ ಬಳಿ ನಿಂತಿದ್ದವಳ ಕಡೆ ನೋಡಿದರು. “ತಂಗಿ, ಆಗ ಆಡಿದ್ದು ವಾಪಸ್ ತಗೊಂಡೆ.”

“ಪೊರಕೆ ಮಾತ್ರ ನಿಜ ಅಣ್ಣ,” ಎಂದಳು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. “ಒಂದು ಬೇಕಿದ್ರೆ ತಗೊಂಡು ಹೋಗಿ.”

ಕಂಡಕ್ಟರು ಒಂದೇ ಕೆನ್ನೆ ನುಣುಪಾದ ಮುಖದಲ್ಲಿ ಬೀದಿಗಿಳಿದರು. ಗಂಡ ಹೆಂಡತಿ ಇಬ್ಬರೇ ಉಳಿದರು. ಗಿಳಿಯಣ್ಣ ಹೆಂಡತಿಯನ್ನು ಹೊಸಬಳೆಂಬಂತೆ ನೋಡಿದ. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದ್ದವಳು, ಪರದೆಯಾಚೆ ಅಂಗಿ ಮಡಿಸುತ್ತಿದ್ದವಳು.

“ಒಂದು ಕೇಳ್ತೀನಿ, ನಿಜ ಹೇಳು. ಅದು ನಮ್ಮ ಪುಟ್ಟಿ ಅಲ್ಲ ಅಂತ ನಿಂಗೆ ಹೆಂಗೆ ಗೊತ್ತಾಯ್ತು?”

“ಗೊತ್ತಾಗ್ಲಿಲ್ಲ ರೀ. ಅವಳೇ ಅಂದ್ಕೊಂಡಿದ್ದೆ.”

“ಹಂಗಾದ್ರೆ ಅವಳು ಇಡ್ಬೇಡ ಅಂತ ಅಳ್ತಿರುವಾಗ ಹೆಂಗೆ ಇಟ್ಟೆ?”

“ನನ್ನ ಕಿವಿ ಯಾವತ್ತು ಸರಿಯಾಗಿ ಹೇಳಿದೆ ಹೇಳಿ? ನೀವು ಆಟ ಆಡಿಸಿದಷ್ಟು ಸಲವೂ ಮೋಸ ಹೋಗಿದೆ. ಅದಕ್ಕೆ ಕಿವಿ ಏನು ಹೇಳಿದ್ರೂ, ಎದೆ ಏನು ಹೇಳಿದ್ರೂ, ಕೈ ಮಾತ್ರ ಇಡ್ಬೇಕು ಅಂತ ಕಲಿಸಿದ್ದೆ. ಕೈ ಇಟ್ಬಿಡ್ತು.” ಬಲಗೈಯನ್ನು ಎತ್ತಿ, ಬೇರೆ ಯಾರದೋ ಕೈಯೆಂಬಂತೆ ನೋಡಿಕೊಂಡಳು. “ಅವಳು ಫೋನ್ ಎತ್ತೋವರೆಗೂ ನಾನು ಬದುಕಿರಲಿಲ್ಲ ರೀ.”

“ಹೋಗ್ಲಿ, ಕೂತ್ಕೊ,” ಎಂದ ಗಿಳಿಯಣ್ಣ.

ಅವಳು ಗಿರಾಕಿಗಳ ಕುರ್ಚಿಯಲ್ಲಿ ಕೂತು, ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು. ಇಷ್ಟು ವರ್ಷದಲ್ಲಿ ಆ ಕುರ್ಚಿಯಲ್ಲಿ ಅವಳು ಕೂತದ್ದೇ ಇಲ್ಲ. ಗಿಳಿಯಣ್ಣ ಪರದೆ ಸರಿಸಿ ಹಿಂದೆ ಹೋದ. ಮೇಜಿನ ಮೇಲೆ ಯಾರದೋ ಬಿಳಿ ಅಂಗಿ ಒಂದು ತೋಳು ಇಸ್ತ್ರಿಯಾಗಿ, ಇನ್ನೊಂದು ಮುದುಡಿಕೊಂಡು ಬಿದ್ದಿತ್ತು. ಅವನು ಇಸ್ತ್ರಿಪೆಟ್ಟಿಗೆಯನ್ನು ಕೈಗೆತ್ತಿಕೊಂಡ. ಅದು ಅಷ್ಟು ಭಾರವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಾಲಿಗೆ ಕಚ್ಚಿಕೊಂಡು, ಉಳಿದ ತೋಳಿನ ಮೇಲೆ ನಿಧಾನವಾಗಿ ಎಳೆಯತೊಡಗಿದ.