ಅಬ್ದಲಿಯಲ್ಲಿ ಬರಿಗಾಲು

ಬಾಲ್ಕನಿಯಲ್ಲಿ, ಎಸಿಯ ಹೊರಪೆಟ್ಟಿಗೆಯ ಪಕ್ಕ ಇಟ್ಟ ಟಬ್ಬಿನಲ್ಲಿ ಅನ್ವಿತಾ ಗೋಧಿ ಬಿತ್ತಿದ್ದಳು. ಗೇಣುದ್ದ ಬಂದದ್ದು ಮಾರ್ಚ್ ಕೊನೆಗೆ ಸುಟ್ಟ ಹಾಗೆ ಒಣಗಿತು. ಅವಳು ಅಳಲಿಲ್ಲ. ಎಲೆಗಳನ್ನು ಕಿತ್ತು ಕಸದ ಚೀಲಕ್ಕೆ ಹಾಕಿ, "ನಥಿಂಗ್ ಗ್ರೋಸ್ ಹಿಯರ್, ಅಮ್ಮ," ಎಂದಳು. ಕುವೈತಿನಲ್ಲೇ ಹುಟ್ಟಿ, ಮಂಗಫ್‌ನ ನಾಲ್ಕನೇ ಮಹಡಿಯಲ್ಲಿ ಬೆಳೆಯುತ್ತಿರುವ ಒಂಬತ್ತು ವರ್ಷದ ಹುಡುಗಿ ತನ್ನ ಊರಿನ ಬಗ್ಗೆ ಹಾಗೆ ತೀರ್ಮಾನ ಕೊಟ್ಟದ್ದು ನನಗೆ ಸಹಿಸಲಾಗಲಿಲ್ಲ.

ಹಾಗಾಗಿ, ಉತ್ತರದ ಗಡಿಯ ಹತ್ತಿರ ಅಬ್ದಲಿಯ ತೋಟವೊಂದರಲ್ಲಿ ಗೋಧಿ ಕಟಾವಿಗೆ ಬಂದಿದೆ ಎಂದು ನನ್ನ ಗಂಡ ರೋಹಿದಾಸರ ಸಹೋದ್ಯೋಗಿ ಕ್ಲಿಫರ್ಡ್ ಹೇಳಿದಾಗ ನಾನು ಹಟ ಹಿಡಿದೆ. ಬೆಳೆ ನಿಂತಿರುವಾಗಲೇ ಇವಳು ಅದರ ನಡುವೆ ಒಮ್ಮೆ ನಿಲ್ಲಬೇಕು. ಚಳಿಗಾಲದಲ್ಲಿ ಜನ ಮರುಭೂಮಿಯಲ್ಲಿ ಡೇರೆ ಹಾಕಿ ಉಳಿಯುವ ಕಾಲ ಮುಗಿದಿತ್ತು. ಸುಮ್ಮನೆ ನಿಂತಿದ್ದ ತಮ್ಮ ಆಫೀಸಿನ ಮ್ಯಾನೇಜರರ ಕ್ಯಾರವಾನ್ ಗಾಡಿಯನ್ನು ಇವರು ಕೇಳಿ ತಂದರು. ಒಳಗೆ ಹಾಸಿಗೆ, ಒಲೆ, ಸಿಂಕು, ಹೂವಿನ ಪರದೆ ಎಲ್ಲ ಇತ್ತು.

ಶನಿವಾರ ಬೆಳಿಗ್ಗೆ ಹೊರಟು ಬಲಗಡೆಯ ಸಾಲಿನಲ್ಲಿ ನಿಧಾನವಾಗಿ ಸಾಗಿದೆವು. ಮುತ್ಲಾ ದಿಣ್ಣೆಯ ಬುಡದಲ್ಲಿ ನಿಲ್ಲಿಸಿ ನೀರುದೋಸೆ ಹೊಯ್ದೆ. ಒಂಟೆಗಳ ಹಿಂಡೊಂದು ನಮ್ಮತ್ತ ನೋಡದೆ ದಾಟಿತು. ದಿಣ್ಣೆ ಏರಿದ ಮೇಲೆ ಆಕಾಶ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಗೋಧಿ ಎಲ್ಲಿಗೂ ಓಡುವುದಿಲ್ಲವೆಂದು ಇವರು ಮತ್ತೂ ಒಂದು ಕಡೆ ಚಹಾಕ್ಕೆ ನಿಲ್ಲಿಸಿದರು.

ಅಲ್ಲಿಗೆ ಕ್ಲಿಫರ್ಡ್‌ನ ಫೋನು ಬಂತು. ಸಂಜೆ ಧೂಳಿನ ಗಾಳಿ ಬರುತ್ತದಂತೆ. ತೋಟದವರು ಬೆಳಗಾಗುವ ಮೊದಲೇ ಕೊಯ್ಲು ಶುರು ಮಾಡಿದ್ದಾರಂತೆ. ಇವರು ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗಾಡಿ ತನ್ನ ಪಾಡಿಗೆ ಗುರುಗುಟ್ಟುತ್ತಾ ಹೋಯಿತು.

"ಬಿಡಿ ಪಪ್ಪಾ, ನಾವು ಹೋಗುವಾಗ ಖಲಾಸ್," ಎಂದು ಅನ್ವಿತಾ ಪರದೆ ಎಳೆದುಕೊಂಡಳು.

ಗಾಳಿಮರಗಳ ಸಾಲು ದಾಟಿದ ಕೂಡಲೇ ಗದ್ದೆ ಕಂಡಿತು. ಕೊಯ್ದು ಮುಗಿದ ನೆಲವೇ ಕಣ್ಣು ಕುಕ್ಕುವಷ್ಟು ಹಳದಿ. ಆಚೆ ತುದಿಯಲ್ಲಿ ಒಂದೇ ಒಂದು ಪಟ್ಟಿ ಬೆಳೆ ನಿಂತಿತ್ತು. ಕೆಂಪು ಯಂತ್ರ ಅದರತ್ತ ತಿರುಗುತ್ತಿತ್ತು.

ಗಾಡಿ ನಿಂತದ್ದೇ ನಾನು ಚಪ್ಪಲಿ ಗದ್ದೆಯ ಬದಿಯಲ್ಲಿ ಬಿಟ್ಟು ಯಂತ್ರದತ್ತ ಓಡಿದೆ. ಬಜ್ಪೆಯ ನನ್ನ ತವರಿನಲ್ಲಿ ಯಾರೂ ಚಪ್ಪಲಿ ಮೆಟ್ಟಿ ಗದ್ದೆಗೆ ಇಳಿಯುವುದಿಲ್ಲ; ನನಗೆ ಬೇರೆ ಯೋಚನೆಯೇ ಬರಲಿಲ್ಲ. ಆದರೆ ಅಲ್ಲಿಯದು ಕೆಸರಿನಲ್ಲಿ ನೆನೆದ ಭತ್ತದ ಕೂಳೆ. ಇದು ಬಿಸಿ ಮರಳಿನಲ್ಲಿ ಒಣಗಿದ ಗೋಧಿಯ ಕೂಳೆ, ಒಂದೊಂದೂ ದಬ್ಬಣ. ನಡುವೆ ಹೋಗಿ ಮುಂದಕ್ಕೂ ಆಗದೆ ಹಿಂದಕ್ಕೂ ಆಗದೆ, ಯಂತ್ರದ ದಾರಿಯಲ್ಲೇ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತೆ.

ಯಂತ್ರ ನಿಂತಿತು. ಅದನ್ನು ಓಡಿಸುತ್ತಿದ್ದ ಝಾಕಿರ್ ಗಾಬರಿಯಿಂದ ಇಳಿದು ಬಂದ. "ಬೆಹನ್‌ಜೀ, ಚಪ್ಪಲ್ ಕಿಧರ್?"

ನನ್ನ ಚಪ್ಪಲಿ ಹಿಡಿದುಕೊಂಡು ಮಗಳ ಜೊತೆ ಹಿಂದಿನಿಂದ ಬಂದ ಇವರು ಕಾಲು ನೋಡಿದರು. "ಎಂಥ ಮಾರಾಯ್ತಿ, ಇದು ನಿನ್ನ ಅಪ್ಪನ ಗದ್ದೆಯಾ?" ಎಂದರು. ಆಮೇಲೆ ಹಿಂದಿಯಲ್ಲಿ ನಮ್ಮ ಮಗಳ ಟಬ್ಬಿನ ಕಥೆ ಹೇಳಿದರು. ಝಾಕಿರ್ ಒಮ್ಮೆ ಆಕಾಶ ನೋಡಿದ, ಒಮ್ಮೆ ಅನ್ವಿತಾಳನ್ನು ನೋಡಿದ. ಬೆಳಗ್ಗಿನಿಂದ ಚಹಾ ಕುಡಿದಿಲ್ಲ, ಒಂದು ಲೋಟ ಸಿಕ್ಕಿದರೆ ಕುಡಿದು ಮುಗಿಸುವವರೆಗೆ ಬೆಳೆ ನಿಂತಿರುತ್ತದೆ ಎಂದ. ಇವರು ಕ್ಯಾರವಾನಿನ ಒಲೆ ಹಚ್ಚಲು ಓಡಿದರು.

ಎಂಜಿನ್ನಿನ ಸದ್ದು ಹೋದ ಮೇಲೆ ಗೋಧಿಯ ಸದ್ದು ಕೇಳಿತು. ಮೊರದಲ್ಲಿ ಅಕ್ಕಿ ಗೇರುವಾಗ ಬರುತ್ತದಲ್ಲ, ಅಂಥದ್ದು, ಆದರೆ ನಿಲ್ಲದೆ, ನಿಂತ ಬೆಳೆಯ ಆ ತುದಿಯಿಂದ ಈ ತುದಿಗೆ. ಪಟ್ಟಿಯ ಅಂಚಿನಲ್ಲಿ ಅನ್ವಿತಾ ಶೂ ಕಳಚತೊಡಗಿದಳು. ಚುಚ್ಚುತ್ತದೆ ಮಗಾ ಎಂದೆ. "ಗೊತ್ತು," ಎಂದು ಒಳಗೆ ಹೋದಳು.

ತೆನೆಗಳು ಅವಳ ಎದೆಯವರೆಗೆ ಬಂದವು. ಕೈಗಳನ್ನು ಅಗಲಿಸಿ, ಮುಟ್ಟಿಯೂ ಮುಟ್ಟದ ಹಾಗೆ ನಡೆದಳು. ಮುಳ್ಳುಮೀಸೆಗಳ ಮೇಲೆ ಬಿಸಿಲು ಬಿದ್ದು ಅವಳ ಸುತ್ತ ಬೆಳಕು ಅಲುಗುತ್ತಿತ್ತು. ಬುಡದಿಂದ ಸಣ್ಣ ಹಕ್ಕಿಯೊಂದು ಪುರ್ರನೆ ಎದ್ದಿತು. ಅದು ಹಾರಿದ ದಿಕ್ಕಿಗೆ ಅವಳು ತಿರುಗಿ ನಿಂತಳು. ನನ್ನ ಕಾಲಿನ ಉರಿ ಎಲ್ಲಿ ಹೋಯಿತೋ. ಭತ್ತದ ಊರಿನಿಂದ ಬಂದವಳು ನಾನು. ಆದರೂ ಮರಳಿನಲ್ಲಿ ನಿಂತ ಈ ಬೆಳೆಯ ಎದುರು ಕೈಮುಗಿಯಬೇಕೆನಿಸಿತು, ಮುಗಿದೆ.

ಝಾಕಿರ್ ಚಹಾವನ್ನು ಬೇಕೆಂದೇ ಊದಿ ಊದಿ ಕುಡಿದ. ಲೋಟ ಖಾಲಿಯಾದ ಮೇಲೆ ಒಂದು ಹಿಡಿ ತೆನೆ ಕಿತ್ತು ಅವಳ ಕೈಗಿಟ್ಟು ಯಂತ್ರ ಹತ್ತಿದ. ಕಣ್ಣೆದುರೇ ಆ ಪಟ್ಟಿ ಇಲ್ಲವಾಯಿತು.

ಹಿಂದಿರುಗುವಾಗ ಗಾಳಿ ಎದ್ದಿತು. ಅನ್ವಿತಾ ಕಿಟಕಿಗೆ ಅಂಟಿ ಕುಳಿತಿದ್ದಳು. ಗದ್ದೆಯ ಸುತ್ತ ಅಷ್ಟು ಮರ ಯಾಕೆಂದು ಕೇಳಿದಳು. ಬಿಸಿಗಾಳಿ ತಡೆಯಲಿಕ್ಕೆ ಎಂದರು ಇವರು.

ಮುತ್ಲಾ ದಾಟಿದೆವು. ಆಮೇಲೆ ತೆನೆಗಳನ್ನು ಮಡಿಲಲ್ಲಿ ಸರಿಮಾಡಿಕೊಂಡು, "ಅಮ್ಮ, ಟಬ್ ಎಸಿ ಹತ್ರ ಇಡಬಾರದಿತ್ತು," ಎಂದಳು. "ಈ ಸಲ ಆಚೆ ಮೂಲೆಯಲ್ಲಿ ಇಡುವಾ."