ಜೈನಬಮ್ಮನ ಮಿಕ್ಸಿ

ಜೈನಬಮ್ಮನ ಮಿಕ್ಸಿಯಷ್ಟು ಗಲಾಟೆಯ ಮಿಕ್ಸಿ ಇಡೀ ಪಾಣೆಮಂಗಳೂರಿನಲ್ಲಿ ಇನ್ನೊಂದಿರಲಿಲ್ಲ. ಹೊಸದು ಕಳಿಸುತ್ತೇನೆಂದು ಶಾರ್ಜಾದಲ್ಲಿದ್ದ ಮಗ ನಿಝಾರ್ ಗೋಗರೆದರೂ ಆಕೆ ಬೇಡವೇ ಬೇಡ ಎಂದಿದ್ದಳು. ಅದಕ್ಕೆ ಕಾರಣ ಮಾಳಿಗೆಯಲ್ಲಿ ಬಾಡಿಗೆಗಿದ್ದ ಝಲ್ಮಯ್.

ಝಲ್ಮಯ್ ಕಾಬೂಲಿನಿಂದ ಜೀವ ಉಳಿಸಿಕೊಂಡು ಓಡಿಬಂದ ರಬಾಬ್ ವಾದಕ. ಈಗ ಬಿ.ಸಿ.ರೋಡಿನ ಅಂಗಡಿಯೊಂದರಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ. ಸಂಜೆ ಕೆಳಗೆ ಮಸಾಲೆ ಅರೆಯುವ ಸದ್ದು ಶುರುವಾದರೆ ಮಾತ್ರ ಮೇಲೆ ತಂತಿ ಮೀಟುತ್ತಿದ್ದ. ಮಿಕ್ಸಿ ನಿಂತರೆ ಅವನ ಕೈಯೂ ನಿಲ್ಲುತ್ತಿತ್ತು. ಅವನ ಊರಿನಲ್ಲಿ ವಾದ್ಯ ನುಡಿಸುವುದೇ ಈಗ ಅಪರಾಧ. ತಾಯಿ ಇನ್ನೂ ಅಲ್ಲೇ ಇದ್ದಳು. ಮಗ ರಬಾಬನ್ನು ಮುರಿದು ಒಲೆಗೆ ಹಾಕಿದನೆಂದು ಬಂದೂಕಿನವರನ್ನು ನಂಬಿಸಿ ಉಳಿದುಕೊಂಡಿದ್ದಳು. ಅವನು ಇನ್ನೂ ನುಡಿಸುತ್ತಾನೆಂಬ ಸುದ್ದಿ ಅಲ್ಲಿಗೆ ಮುಟ್ಟಿದರೆ ಅವಳ ಕಥೆ ಮುಗಿದಂತೆ.

ಇದೆಲ್ಲ ಜೈನಬಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಕೆಡಿಸಿದಳಲ್ಲ, ಏನು ಹೇಳುವುದು! ಅವಳ ಕಷ್ಟವೂ ಹಾಗೇ ಇತ್ತೆನ್ನಿ. ತಾನು ಕಾವಲು ಕಾಯುತ್ತಿದ್ದ ಸಂಗೀತವನ್ನು ಪಾಪ, ಒಂದು ದಿನವೂ ಕೇಳಿರಲಿಲ್ಲ. ಒಂದು ಸಂಜೆ ಮಿಕ್ಸಿಯನ್ನು ಅದರ ಪಾಡಿಗೆ ತಿರುಗಲು ಬಿಟ್ಟು ಮೆಲ್ಲಗೆ ಮೆಟ್ಟಿಲು ಹತ್ತಿದಳು. ಬಾಗಿಲು ಅರ್ಧ ತೆರೆದಿತ್ತು. ಝಲ್ಮಯ್ ಕಣ್ಣು ಮುಚ್ಚಿ ನುಡಿಸುತ್ತಿದ್ದ. ಕೇಳುತ್ತ ಕೇಳುತ್ತ ಅವಳ ಕಣ್ಣು ತುಂಬಿತು, ಕೈ ಮೊಬೈಲಿಗೆ ಹೋಯಿತು.

ನಮ್ಮ ಮನೆಯ ಹುಡುಗನನ್ನು ನೋಡು ಎಂದು ವಿಡಿಯೋ ತೆಗೆದು ನಿಝಾರನಿಗೆ ಕಳಿಸಿದಳು, ಅವನೊಬ್ಬನಿಗೇ. ನಿಝಾರ್ ತೋರಿಸಿದ್ದೂ ತನ್ನ ರೂಮಿನವರಿಗೆ ಮಾತ್ರ. ಆದರೆ ಆ ರೂಮಿನಲ್ಲೊಬ್ಬ ಕಾಬೂಲಿನ ಡ್ರೈವರ್ ಇದ್ದ. ಹೆಮ್ಮೆಯಿಂದಲೇ ತನ್ನೂರಿನವರಿಗೆ ಕಳಿಸಿಬಿಟ್ಟ. ನಿಝಾರನಿಂದ ಸುದ್ದಿ ತಿಳಿದ ಜೈನಬಮ್ಮ ಮೇಲೆ ಹೋಗಿ ಇದ್ದದ್ದನ್ನೆಲ್ಲ ಹೇಳಿಬಿಟ್ಟಳು. ಝಲ್ಮಯ್ ಕೆಲಸಕ್ಕೂ ಹೋಗದೆ ಮೆಟ್ಟಿಲ ಮೇಲೆ ಫೋನ್ ಹಿಡಿದು ಕೂತ. ಆ ಕಡೆಯಿಂದ ಯಾರೂ ಎತ್ತುತ್ತಿರಲಿಲ್ಲ.

ಕೊನೆಗೆ ಒಂದು ವಾಯ್ಸ್ ಮೆಸೇಜ್ ಬಂತು. ಅವನ ತಾಯಿಯ ದನಿ, ಒಂದಿಷ್ಟೂ ನಡುಕವಿಲ್ಲ. ಜೈನಬಮ್ಮನಿಗೆ ಭಾಷೆ ತಿಳಿಯಲಿಲ್ಲ.

"ಉಮ್ಮ ಎಂಥ ಹೇಳಿದ್ರು, ಮೋನೆ?" ಎಂದು ಹೆತ್ತ ಮಗನನ್ನು ಕೇಳುವಂತೆ ಕೇಳಿದಳು.

ಝಲ್ಮಯ್ ತನ್ನ ಮುರುಕು ಕನ್ನಡದಲ್ಲಿ ತಡೆದು ತಡೆದು ಹೇಳಿದ. "ಬಂದೂಕಿನವರು ಮನೆಗೆ ಬಂದು ವಿಡಿಯೋ ತೋರಿಸಿದರು. ಇವನು ನನ್ನ ಮಗ ಅಲ್ಲ, ನನ್ನ ಮಗ ದಾರಿಯಲ್ಲೇ ಸತ್ತ, ಹಾಗೆ ಅಮ್ಮ ಹೇಳಿದಳು. ಬಿಟ್ಟು ಹೋದರು. ಇನ್ನು ನಾನು ಫೋನ್ ಮಾಡಬಾರದು. ಸತ್ತವನು ಫೋನ್ ಮಾಡುವುದಿಲ್ಲ ಅಲ್ಲ?"

ಜೈನಬಮ್ಮನನ್ನು ಅವನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ರಬಾಬಿಗೆ ಬೆಡ್‌ಶೀಟ್ ಸುತ್ತಿ ಮೂಲೆಯಲ್ಲಿಟ್ಟ.

ಮುಂದಿನ ವಾರ ಮೇಲ್ಕೇರಿಯ ಶಾಫಿ ಬಾಗಿಲಿಗೆ ಬಂದ. ಮಗಳ ಮದುವೆ ಹತ್ತಿರವಿತ್ತು. ವಿಡಿಯೋ ಅವನಿಗೂ ತಲುಪಿತ್ತು. ನುಡಿಸುವ ಹುಡುಗ ಇದೇ ಮನೆಯಲ್ಲಿ ಇದ್ದಾನಂತಲ್ಲ, ಮದರಂಗಿ ದಿನ ಕರೆಸಬೇಕಿತ್ತು ಎಂದ.

"ಅಂಥವರು ಇಲ್ಲಿ ಯಾರೂ ಇಲ್ಲ, ಶಾಫಿ," ಎಂದಳು ಜೈನಬಮ್ಮ. ದನಿ ನಡುಗಲಿಲ್ಲ. ಫೋನಿನಲ್ಲಿ ಕೇಳಿದ ಆ ಹೆಂಗಸಿನ ದನಿಯೂ ಹೀಗೇ ಇತ್ತೆಂದು ಅವಳಿಗೆ ಹೊಳೆಯಿತು.

ಶಾಫಿ ಗೇಟು ದಾಟಿದ್ದೇ ತಡ, ಒಳಗೆ ಬಂದು ಮಿಕ್ಸಿ ಹಾಕಿದಳು. ಅರೆಯಲು ಏನೂ ಇರಲಿಲ್ಲ, ಬರೀ ಜಾರು. ಮನೆಯೆಲ್ಲ ಗರ್ರೆಂದಿತು. ಮೇಲೆ ಅವನು ಬೆಡ್‌ಶೀಟ್ ಬಿಚ್ಚಿದನೋ ಇಲ್ಲವೋ, ಈ ಸದ್ದಿನಲ್ಲಿ ತಿಳಿಯುವಂತಿರಲಿಲ್ಲ. ಮೆಟ್ಟಿಲು ಹತ್ತಿ ನೋಡುವ ಮುಖ ಅವಳಿಗೆ ಉಳಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಮೋಟಾರು ಸುಟ್ಟ ವಾಸನೆ ಬಂತು. ಜೈನಬಮ್ಮ ಸ್ವಿಚ್ಚು ಆರಿಸಲಿಲ್ಲ.